ರತ್ನಮ್ಮನ ಹುಳುಮನೆಗೆ ಬಂದ ರೋಗ

ಕೊರೊನಾ ಗಲಾಟೆ ಅಡಗಿದ ಮರುವರ್ಷ, ಆಷಾಢ ಮಾಸ. ನಾನಾಗ ಶಿಡ್ಲಘಟ್ಟ ತಾಲೂಕಿನಲ್ಲಿ ರೇಷ್ಮೆ ಪ್ರದರ್ಶಕಿ. ಊರೂರು ತಿರುಗಿ ರೇಷ್ಮೆ ಹುಳು ಸಾಕುವವರ ಮನೆ ನೋಡುವುದು, ಸೊಪ್ಪು ನೋಡುವುದು, ರೋಗ ಬಂದರೆ ಎಲ್ಲಿಂದ ಬಂತೆಂದು ಹುಡುಕಿ ಮೇಲಿನವರಿಗೆ ಬರೆದುಕೊಡುವುದು ನನ್ನ ಕೆಲಸ. ನಿವೃತ್ತಿ ಹತ್ತಿರ ಬಂದಿತ್ತು, ಮಂಡಿ ಹಿಡಿದಿತ್ತು, ಮೂಗು ಮಾತ್ರ ಚುರುಕಾಗಿಯೇ ಇತ್ತು. ಮೊಮ್ಮಗಳು ಈಗ ಫೋನಿನಲ್ಲಿ ಕನ್ನಡ ಟೈಪು ಮಾಡುವುದನ್ನು ಕಲಿಸಿಕೊಟ್ಟಿದ್ದಾಳೆ. ಅದಕ್ಕೇ ಈ ಒಂದು ಸಂಗತಿಯನ್ನು ಬರೆದಿಡುತ್ತಿದ್ದೇನೆ. ಊರಿನ ಹೆಸರು ಬೇಡ. ಅಲ್ಲಿಯವರು ಓದಿದರೆ ಅವರಿಗೆ ಗೊತ್ತಾಗುತ್ತದೆ, ಅಷ್ಟು ಸಾಕು.

ನನ್ನ ಕೆಲಸಕ್ಕೆ ಅನುಮಾನದ ಬುದ್ಧಿ ಬೇಕು. ಹುಳು ಸಾಕುವವರು ನಿಜ ಹೇಳುವುದು ಕಡಿಮೆ. ಹುಳು ಚೆನ್ನಾಗಿದ್ದರೆ ಕಣ್ಣು ಬೀಳುತ್ತದೆ ಎಂದು ‘ಏನೋ ಇದೆ ಮೇಡಂ’ ಅನ್ನುತ್ತಾರೆ. ಕೆಟ್ಟಿದ್ದರೆ ಮರ್ಯಾದೆ ಹೋಗುತ್ತದೆ ಎಂದು ಅದೇ ಮಾತನ್ನು ಅದೇ ಮುಖ ಇಟ್ಟುಕೊಂಡು ಹೇಳುತ್ತಾರೆ. ಹಾಗಾಗಿ ನಾನು ಮಾತು ಕೇಳುವುದಕ್ಕಿಂತ ಹೆಚ್ಚಾಗಿ ವಾಸನೆ ನೋಡುತ್ತಿದ್ದೆ. ಬ್ಲೀಚಿಂಗ್ ಪುಡಿ ಹಾಕಿದ್ದೇನೆ ಎಂದವರ ಮನೆಯ ಮೂಲೆಯಲ್ಲಿ ಅದರ ಘಾಟು ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಆ ಊರಿನ ಮೇಲಿನ ಬೀದಿಯಿಂದ ನಮ್ಮ ಕಚೇರಿಗೆ ಒಂದು ದೂರು ಬಂತು. ಬರೆಸಿದವರು ಕೃಷ್ಣಾರೆಡ್ಡಿ, ಊರಿನಲ್ಲಿ ದೊಡ್ಡ ಹುಳುಮನೆ ಇರುವವರು. ಹುಳುಮನೆ ಎಂದರೆ ಹುಳು ಸಾಕಲೆಂದೇ ಬೇರೆಯಾಗಿ ಕಟ್ಟಿದ ಕಟ್ಟಡ. ಊರಿನಲ್ಲಿ ಬೆಳೆ ಮೇಲೆ ಬೆಳೆ ಹಾಲುತೊಂಡೆ ರೋಗಕ್ಕೆ ಹೋಗುತ್ತಿದೆ, ಅದಕ್ಕೆ ಕಾರಣ ಕಾಲೋನಿಯ ರತ್ನಮ್ಮ, ಅವಳ ಹುಳುಮನೆ ಗಲೀಜು, ಅವಳಿಗೆ ಚಾಕಿ ಹುಳು ಕೊಡುವುದನ್ನು ನಿಲ್ಲಿಸಬೇಕು ಎಂಬುದು ದೂರು. ಹಾಲುತೊಂಡೆ ಬಂದರೆ ಹುಳು ಊದಿಕೊಂಡು, ಚರ್ಮ ಒಡೆದು, ಹಾಲಿನಂಥ ನೀರು ಸುರಿಸಿ ಸಾಯುತ್ತದೆ. ಆ ನೀರು ತಾಗಿದ ಸೊಪ್ಪು ತಿಂದ ಹುಳುವಿಗೂ ಅದೇ ಗತಿ. ಚಾಕಿ ಹುಳು ಅಂದರೆ ಮೊಟ್ಟೆಯೊಡೆದ ಮರಿಗಳನ್ನು ಮೊದಲ ಕೆಲವು ದಿನ ಒಂದು ಕೇಂದ್ರದಲ್ಲಿ ಸಾಕಿ ರೈತರಿಗೆ ಹಂಚುವ ಎಳೆ ಹುಳು. ಅದು ನಿಂತರೆ ರತ್ನಮ್ಮನ ಕಸುಬೇ ನಿಂತಂತೆ. ಅವಳು ಗುತ್ತಿಗೆಗೆ ಹಿಪ್ಪುನೇರಳೆ ತೋಟ ಮಾಡಿಕೊಂಡು, ಕಾಲೋನಿಯಲ್ಲಿ ಮೊದಲ ಸಲ ಹುಳುಮನೆ ಕಟ್ಟಿಸಿದ್ದ ಹೆಂಗಸು. ದಲಿತರ ಕೇರಿಗೆ ನಮ್ಮ ಕಡೆ ಕಾಲೋನಿ ಅನ್ನುವುದು ರೂಢಿ.

‘ಒಂದ್ಸಲ ಹೋಗಿ ನೋಡ್ಕೊಂಡು ಬಂದ್ಬಿಡಿ ಮೇಡಂ. ಶುಚಿತ್ವದ ಕೊರತೆ ಅಂತ ಬರೆದ್ರೆ ಸಾಕು, ಮುಂದಿಂದು ನಾನು ನೋಡ್ಕೋತೀನಿ’ ಎಂದರು ನಮ್ಮ ಸಾಹೇಬರು. ನೋಡುವ ಮುಂಚೆಯೇ ಬರೆಯಬೇಕಾದ್ದು ತಯಾರಾಗಿರುವುದು ನನ್ನ ಮೂಗಿಗೆ ಅಷ್ಟು ಚೆನ್ನಾಗಿ ಬಡಿಯಲಿಲ್ಲ.

ಮೊದಲು ಮೇಲಿನ ಬೀದಿಗೇ ಹೋದೆ. ಕೃಷ್ಣಾರೆಡ್ಡಿಯವರ ಹೆಂಡತಿ ಸರೋಜಮ್ಮ ಕಾಫಿ ಕೊಟ್ಟರು. ನಾನೂ ಚಿಂತಾಮಣಿ ಕಡೆಯ ರೆಡ್ಡಿಗಳ ಮನೆಯವಳೇ ಎಂದು ಗೊತ್ತಾದ ಮೇಲೆ ಲೋಟ ಬದಲಾಯಿಸಿ ಬೆಳ್ಳಿಯದು ತಂದರು. ಆದರೆ ಬೆಳೆ ಯಾರದು ಹೋಯಿತು ಎಂಬುದು ಮಾತ್ರ ಬಗೆಹರಿಯಲಿಲ್ಲ. ತಮ್ಮದು ಚೆನ್ನಾಗಿ ಬಂತು, ಪಕ್ಕದ ಮನೆಯವರದ್ದು ಹೋಯಿತು ಎಂದರು ಸರೋಜಮ್ಮ. ಪಕ್ಕದ ಮನೆಗೆ ಹೋದರೆ ಅವರದ್ದು ಚೆನ್ನಾಗಿತ್ತಂತೆ, ಎದುರು ಮನೆಯದು ಹೋಗಿತ್ತಂತೆ. ಎದುರು ಮನೆಯವರು ನನ್ನನ್ನು ಮತ್ತೆ ಕೃಷ್ಣಾರೆಡ್ಡಿಯವರ ಮನೆಗೇ ಕಳಿಸಿದರು. ಯಾರ ಮನೆಯಲ್ಲೂ ಸಾಯದ ಹುಳು ಊರೆಲ್ಲ ಸತ್ತಿದ್ದು ಹೇಗೋ ಕಾಣೆ.

ಮೇಲಿನ ಬೀದಿ ಊರಿನ ಪಡುವಣಕ್ಕೆ, ದಿಬ್ಬದ ಮೇಲಿದೆ. ಅಲ್ಲಿಂದ ಇಳಿದರೆ ಊರಿನ ತಿಪ್ಪೆ. ಸಗಣಿ, ಕಸ, ಹುಳು ತಿಂದು ಬಿಟ್ಟ ಕಡ್ಡಿ, ಈಚೆಗೆ ಪ್ಲಾಸ್ಟಿಕ್ ಕವರು, ಎಲ್ಲ ಅಲ್ಲೇ. ತಿಪ್ಪೆ ದಾಟಿದರೆ ತಗ್ಗಿನಲ್ಲಿ ಕಾಲೋನಿ. ಸೆರಗನ್ನು ಮೂಗಿಗೆ ಒತ್ತಿಕೊಂಡು ತಿಪ್ಪೆ ದಾಟಿದೆ.

ರತ್ನಮ್ಮನ ಮನೆ ಮುಂದೆ ರಸ್ತೆಯಲ್ಲೇ ಒಂದು ಕುರ್ಚಿ ಹಾಕಿತ್ತು. ನಾನು ಬರುವ ಸುದ್ದಿ ನನಗಿಂತ ಮುಂಚೆ ಬಂದಿತ್ತು. ರತ್ನಮ್ಮ ಒಂದು ತಟ್ಟೆ ಹುಳು ತಂದು ನನ್ನ ಮುಂದೆ ಇಟ್ಟಳು. ಮೂವತ್ತೈದರ ಆಸುಪಾಸಿನ ಹೆಂಗಸು, ನಗದ ಮುಖ. ನನಗಿಂತ ಮುಂಚೆ ಬಂದ ಇಲಾಖೆಯವರೆಲ್ಲ ಹೀಗೆ ರಸ್ತೆಯಲ್ಲಿ ಕೂತು, ತಟ್ಟೆ ತರಿಸಿ ನೋಡಿ ಹೋಗುತ್ತಿದ್ದರಂತೆ. ಹುಳು ನೋಡಲು ಹುಳುಮನೆಯೊಳಗೆ ಹೋಗಬೇಕು ಎಂದೆ.

‘ಒಳಗ್ ಬಂದು ನೋಡೋದೇನೈತೆ ಮೇಡಂ? ಏನ್ ಬರೀಬೇಕು ಅಂತ ಮೇಲಿನ ಬೀದೀಲೇ ಹೇಳ್ಕಳ್ಸಿರ್ತಾರಲ್ಲ.’

‘ಕಾಫಿ ಕೊಟ್ರು, ಕುಡಿದೆ ಕಣಮ್ಮ. ಬರೆಯೋದು ನನ್ನ ಕೈ’ ಎಂದೆ.

ಬಾಗಿಲಲ್ಲಿ ಸುಣ್ಣ ಹರಡಿತ್ತು. ಅದನ್ನು ತುಳಿಯದೆ ಒಳಗೆ ಬಿಡಲಿಲ್ಲ. ಕೈ ತೊಳೆಸಿದಳು, ಉಗುರು ಕೂಡ ತೋರಿಸು ಎನ್ನುವ ಹಾಗೆ ನೋಡಿದಳು. ಒಳಗೆ ಚೊಕ್ಕಟವಾಗಿತ್ತು, ಅಷ್ಟಕ್ಕೇ ನನ್ನ ಅನುಮಾನ ಹೆಚ್ಚಾಯಿತು. ಬರುವ ಸುದ್ದಿ ಸಿಕ್ಕಿ ಬೆಳಿಗ್ಗೆ ತೊಳೆದಿರಬಹುದಲ್ಲ. ಬಗ್ಗಿ, ತಟ್ಟೆ ಜೋಡಿಸುವ ಚೌಕಟ್ಟಿನ ಕಾಲು ಸಂದಿಯಲ್ಲಿ, ಯಾರೂ ಒರೆಸಲು ನೆನಪಿಟ್ಟುಕೊಳ್ಳದ ಕಡೆ ಬೆರಳು ಹಾಕಿ ಮೂಸಿದೆ. ಹಳೆಯ ಬ್ಲೀಚಿಂಗ್ ಘಾಟು, ಪದರ ಪದರವಾಗಿ ಒಣಗಿತ್ತು. ಅವಳು ಎಂದೂ ತಪ್ಪಿಸಿದವಳಲ್ಲ. ಆದರೂ ಕೆಲವು ಹುಳು ಊದಿಕೊಂಡು ತಟ್ಟೆಯ ಅಂಚು ಹತ್ತಿ ಸುಮ್ಮನೆ ಸುತ್ತುತ್ತಿದ್ದವು. ರೋಗ ಇದೆ. ಇಷ್ಟು ಕಾವಲಿರುವ ಮನೆಯೊಳಕ್ಕೆ ಅದು ಬಂದದ್ದು ಹೇಗೆ?

ಸಂಜೆಯ ಸೊಪ್ಪು ಹಾಕುವವರೆಗೆ ಅಲ್ಲೇ ಇರಬೇಕೆನಿಸಿತು. ಇರುತ್ತೇನೆ ಎಂದರೆ ಅವಳಿಗೆ ಅನುಮಾನ ಬರುತ್ತದೆ. ಅದಕ್ಕೆ ಮಂಡಿ ಹಿಡಿದುಕೊಂಡು ‘ಅಯ್ಯೋ, ಏಳೋಕಾಗ್ತಿಲ್ಲ ಕಣಮ್ಮ’ ಎಂದು ಗೋಡೆಗೆ ಒರಗಿದೆ. ಮಂಡಿ ಹೇಗೂ ಇಲಾಖೆಗೇ ಸವೆದದ್ದು, ಇಲಾಖೆಯ ಕೆಲಸಕ್ಕೆ ಬಳಸಿದರೆ ತಪ್ಪೇನು.

ಆಷಾಢದ ಗಾಳಿ ನಮ್ಮ ಕಡೆ ಪಡುವಣದಿಂದ ಬೀಸುತ್ತದೆ, ಹೆಂಚು ಹಾರಿಸುವ ಗಾಳಿ. ಇಳಿಹೊತ್ತಿಗೆ ಆ ಗಾಳಿಯ ಜೊತೆ ಹೊಗೆ ಬಂತು. ತಿಪ್ಪೆಗೆ ಯಾರೋ ಬೆಂಕಿ ಹಾಕಿದ್ದರು. ಪ್ಲಾಸ್ಟಿಕ್ ಸುಟ್ಟ ನಾತ. ಸೊಪ್ಪಿನ ಮೇಲೆ ಸರಸರ ಎಂದು ಮೇಯುತ್ತಿದ್ದ ಹುಳುಗಳ ಸದ್ದು ನಿಂತಿತು. ಒಂದೊಂದಾಗಿ ತಲೆ ಎತ್ತಿ ನಿಂತುಬಿಟ್ಟವು. ಹೊಗೆಗೆ ಮೇವು ಬಿಟ್ಟ ಹುಳು ಸೊರಗುತ್ತದೆ, ಸೊರಗಿದ ಹುಳುವಿಗೆ ರೋಗ ಬೇಗ ಹತ್ತುತ್ತದೆ.

ರತ್ನಮ್ಮ ಓಡಿಬಂದು ಪಡುವಣದ ಕಿಟಕಿ ಮುಚ್ಚಿದಳು. ಅದಕ್ಕೂ ಮುಂಚೆ ಆಚೆ ಮೆಟ್ಟಿಲ ಮೇಲೆ ಆಡುತ್ತಿದ್ದ ಮಗಳು ಭೂಮಿಕಳನ್ನು ಎತ್ತಿ ತಂದು ಹುಳು ತಟ್ಟೆಗಳ ನಡುವೆ ಕೂರಿಸಿದ್ದಳು. ಐದಾರು ವರ್ಷದ ಹುಡುಗಿ. ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಲಂಗದ ಜೇಬಿನಿಂದ ತಾನೇ ಪಂಪು ತೆಗೆದು, ಆಸ್ಪತ್ರೆಯಲ್ಲಿ ಕೊಡುತ್ತಾರಲ್ಲ ಉಸಿರಿಗೆ ಎಳೆದುಕೊಳ್ಳುವುದು, ಬಾಯಿಗಿಟ್ಟುಕೊಂಡಿತು. ಮನೆಯಲ್ಲಿ ಬಿಟ್ಟು ಇಲ್ಲಿಗೆ ಯಾಕೆ ತಂದೆ ಎಂದು ಕೇಳಿದೆ. ಮನೆಗೆ ಸಿಮೆಂಟ್ ಶೀಟು, ಗೋಡೆಗೂ ಶೀಟಿಗೂ ನಡುವೆ ಕೈ ತೂರುವಷ್ಟು ಸಂದು. ಇಲಾಖೆಯ ನಕ್ಷೆಯ ಪ್ರಕಾರ ಬಿಗಿಯಾದ ಕಿಟಕಿ, ಬಲೆ, ಎಲ್ಲ ಇರುವುದು ಹುಳುಮನೆಗೆ ಮಾತ್ರ. ಹೊಗೆ ಬಂದ ದಿನ ಮಗು ಮಲಗುವುದು ಹುಳುವಿನ ಜೊತೆ.

ಆ ಹೊತ್ತಿನಲ್ಲಿ ರತ್ನಮ್ಮ ಮಾತಾಡಿದಳು. ಅವಳ ಗಂಡನ ಅಜ್ಜನ ಕಾಲದಲ್ಲಿ ಸತ್ತ ದನ ಎಳೆದು ಹಾಕುತ್ತಿದ್ದ ಜಾಗ ಇದು. ಅದನ್ನು ಎಳೆಯುವವರು ಅದರ ಪಕ್ಕದಲ್ಲೇ ಇರಲಿ ಎಂದು ಇಲ್ಲೇ ಗುಡಿಸಲು ಹಾಕಿಸಿದ್ದರು. ಆಮೇಲೆ ಸರ್ಕಾರ ಸೈಟು ಕೊಡಲು ಬಂದಾಗ ಶಾಲೆಯ ಹತ್ತಿರ ಎತ್ತರದಲ್ಲಿ ಗೋಮಾಳ ಖಾಲಿ ಇತ್ತು. ಇವರ ಹಿರಿಯರು ಅದನ್ನು ಕೇಳಿದರು. ಊರಿನ ಹಿರಿಯರು ‘ನಿಮಗೆ ಆ ಕಡೆ ಅಭ್ಯಾಸ ಆಗೈತಲ್ಲ’ ಎಂದರಂತೆ. ತಿಪ್ಪೆ ಪಕ್ಕದಲ್ಲೇ ಹಗ್ಗ ಹಿಡಿದು ಅಳೆದರು. ಮಳೆ ಬಂದರೆ ತಿಪ್ಪೆಯ ನೀರು ಇವರ ಬೀದಿಯಲ್ಲೇ ಹರಿಯುತ್ತದೆ. ಹೋದ ವರ್ಷ ರತ್ನಮ್ಮ ಮೇಲಿನ ಕಡೆ ಖಾಲಿ ಬಿದ್ದಿದ್ದ ಒಂದು ಹುಳುಮನೆಯನ್ನು ಬಾಡಿಗೆಗೆ ಕೇಳಿದ್ದಳು. ಫೋನಿನಲ್ಲಿ ಆಗಲಿ ಎಂದ ಮಾಲೀಕರು, ಯಾವ ಬೀದಿಯವರು ಎಂದು ತಿಳಿದ ಮೇಲೆ ಅಳಿಯನಿಗೆ ಬೇಕಾಗಿದೆ ಎಂದರು. ಆ ಹುಳುಮನೆ ಇನ್ನೂ ಖಾಲಿಯೇ ಇತ್ತು.

ಹೊಗೆಯ ಲೆಕ್ಕ ಸಿಕ್ಕಿತು. ರೋಗದ ಲೆಕ್ಕ ಇನ್ನೂ ಬಾಕಿ. ಹೊಗೆ ಹುಳುವನ್ನು ಸೊರಗಿಸುತ್ತದೆಯೇ ಹೊರತು ಹಾಲುತೊಂಡೆ ತರುವುದಿಲ್ಲ. ಅದಕ್ಕೆ ಸತ್ತ ಹುಳುವೇ ಬೇಕು. ಮರುದಿನ ಬೆಳಿಗ್ಗೆ ಮತ್ತೆ ಹೋದೆ, ತಿಪ್ಪೆ ನೋಡಲು. ಸರ್ಕಾರದ ಮೇಡಂ ತಿಪ್ಪೆ ಕೆದಕುತ್ತಾಳೆ ಎಂದರೆ ಊರು ಎಚ್ಚರವಾಗುತ್ತದೆ. ಹಾಗಾಗಿ ಕಿವಿಯ ಓಲೆ ಬಿಚ್ಚಿ ಪರ್ಸಿಗೆ ಹಾಕಿಕೊಂಡು, ನಿನ್ನೆ ಇಲ್ಲೆಲ್ಲೋ ಬಿದ್ದುಹೋಯಿತು ಎಂದು ಒಂದು ಕೋಲು ಹಿಡಿದು ಹುಡುಕತೊಡಗಿದೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕ ‘ಬಂಗಾರಮಾ?’ ಎಂದು ತೆಲುಗಿನಲ್ಲಿ ಕೇಳಿ, ಹೌದೆಂದಾಗ ತಾನೂ ನಾಲ್ಕು ಹೆಜ್ಜೆ ಹುಡುಕಿ ಹೋದ.

ಹೆಚ್ಚು ಹೊತ್ತು ಆಗಿರಲಿಲ್ಲ, ಸರೋಜಮ್ಮ ದಿಬ್ಬ ಇಳಿದು ಬಿರಬಿರನೆ ಬಂದರು.

‘ಅಲ್ಲಿ ಕಾಲಿಡ್ಬೇಡಿ ಮೇಡಂ. ಹಾವು ಗೀವು ಇರ್ತಾವೆ. ನಾನು ಆಳು ಕಳಿಸಿ ಹುಡುಕುಸ್ತೀನಿ, ನೀವು ಮನೇಗ್ ಬನ್ನಿ.’

‘ಪರವಾಗಿಲ್ಲ ಕಣ್ರಮ್ಮ, ಹಾವೂ ನನ್ನಂಗೆ ಬಡಪಾಯಿ.’

‘ನೀವು ಹೇಳಿದ್ ಮಾತು ಕೇಳಲ್ಲ’ ಎಂದು ಅವರು ನನ್ನ ತೋಳನ್ನೇ ಹಿಡಿದರು.

ಓಲೆ ಕಳೆದುಕೊಂಡವಳು ನಾನು, ಗಾಬರಿ ಅವರಿಗೆ. ಅವರ ಕಣ್ಣು ಎಲ್ಲಿ ನೋಡಬಾರದು ಎಂದು ಒದ್ದಾಡುತ್ತಿತ್ತೋ ಆ ಕಡೆಗೇ ಕೋಲು ಹಾಕಿದೆ. ಮೇಲೆ ಬೂದಿ ಮುಚ್ಚಿತ್ತು. ಕೆಳಗೆ ಒಂದು ರಾಶಿ ಸತ್ತ ಹುಳು, ಅರ್ಧ ನೇಯ್ದು ಬಿಟ್ಟ ಗೂಡುಗಳು, ಕೊಳೆತು ಮೆತ್ತಗಾಗಿದ್ದವು. ಗೂಡು ಬಿಳಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಎರಡು ಬಗೆಯ ಹುಳು ಸಾಕುತ್ತಾರೆ. ಮಿಶ್ರತಳಿಯ ಹುಳು ಹಳದಿ ಗೂಡು ಕಟ್ಟುತ್ತದೆ. ದ್ವಿತಳಿ, ಬೈವೋಲ್ಟೀನ್ ಎನ್ನುತ್ತಾರಲ್ಲ, ಅದು ಬಿಳಿ ಗೂಡು. ದ್ವಿತಳಿ ನಾಜೂಕು, ಆ ಊರಿನಲ್ಲಿ ಅದನ್ನು ಸಾಕುತ್ತಿದ್ದವರು ಮೇಲಿನ ಬೀದಿಯವರು ಮಾತ್ರ. ರತ್ನಮ್ಮ ಎಂದೂ ಹಳದಿ ಬಿಟ್ಟು ಬೇರೆ ಸಾಕಿದವಳಲ್ಲ. ರೋಗ ಹತ್ತಿದ ಹುಳುವನ್ನು ಗುಂಡಿ ತೋಡಿ, ಸುಣ್ಣ, ಬ್ಲೀಚಿಂಗ್ ಹಾಕಿ ಮುಚ್ಚಬೇಕು ಎಂದು ನಾನು ಇಡೀ ಜೀವಮಾನ ಬಾಯಿ ಹರಿದುಕೊಂಡಿದ್ದೇನೆ. ಆದರೆ ಬ್ಲೀಚಿಂಗ್ ಹಾಕಿದರೆ ಆ ಘಾಟು ಇಡೀ ಬೀದಿಗೆ ಬೆಳೆ ಹೋದದ್ದನ್ನು ಸಾರುತ್ತದೆ. ಅದಕ್ಕೆ ಮೇಲಿನ ಬೀದಿಯವರು ಮಂಕರಿಯಲ್ಲಿ ತುಂಬಿ, ಮೇಲೆ ಸೊಪ್ಪು ಮುಚ್ಚಿ, ಯಾರೂ ಏಳುವ ಮುಂಚೆ ತಿಪ್ಪೆಗೆ ಸುರಿದು ಬೂದಿ ಎರಚಿ ಬರುತ್ತಿದ್ದರು. ಒಬ್ಬರಿಗೆ ಗೊತ್ತಿಲ್ಲದಂತೆ ಒಬ್ಬರು. ಅಲ್ಲಿಂದ ಗಾಳಿಯ ದೂಳಿನಲ್ಲಿ, ಕೋಳಿ ಕಾಲಿನಲ್ಲಿ, ಮಳೆ ನೀರಿನಲ್ಲಿ ರೋಗ ಇಳಿಯುತ್ತಿದ್ದದ್ದು ರತ್ನಮ್ಮನ ಅಂಗಳಕ್ಕೆ. ಆ ತಿಪ್ಪೆಯ ಗೊಬ್ಬರವನ್ನೇ ಬೇಸಿಗೆಯಲ್ಲಿ ಗಾಡಿ ಕಟ್ಟಿ ಮೇಲಿನವರು ತಮ್ಮ ಹಿಪ್ಪುನೇರಳೆ ತೋಟಕ್ಕೆ ಹೊಡೆಯುತ್ತಿದ್ದರು. ಹಾಲುತೊಂಡೆಯ ವೈರಸ್ಸು ಮಣ್ಣಿನಲ್ಲಿ ಬಹಳ ಕಾಲ ಬದುಕುತ್ತದೆ. ತಾವು ಎಸೆದ ರೋಗವನ್ನು ತಾವೇ ಗಾಡಿಯಲ್ಲಿ ಮನೆಗೆ ತಂದು, ಕಾಲೋನಿಯಿಂದ ಬಂತು ಎನ್ನುತ್ತಿದ್ದರು.

ಕಚೇರಿಯಲ್ಲಿ ಸಾಹೇಬರು ಕೇಳಿಸಿಕೊಂಡು ಫ್ಯಾನ್ ನೋಡಿದರು. ತಿಪ್ಪೆ ಪಂಚಾಯಿತಿಯದು, ಬೆಂಕಿ ಪಂಚಾಯಿತಿಯದು, ಸೈಟು ಕಂದಾಯದವರದು, ನಮ್ಮದು ಹುಳು ಮಾತ್ರ ಎಂದರು. ಶುಚಿತ್ವದ ಕೊರತೆ ಎಂಬ ಒಂದು ಸಾಲು ಬರೆದರೆ ಯಾರಿಗೂ ತೊಂದರೆ ಇಲ್ಲವಂತೆ. ಆ ‘ಯಾರಿಗೂ’ ಅನ್ನುವುದರಲ್ಲಿ ರತ್ನಮ್ಮ ಇರಲಿಲ್ಲ. ಬರೆಯುತ್ತೇನೆ ಸರ್, ಶುಚಿತ್ವದ ಕೊರತೆ ಇರುವುದು ನಿಜ, ಯಾರದು ಎಂದು ಊರಿನವರೇ ಹೇಳಲಿ, ಒಂದು ಪ್ರಾತ್ಯಕ್ಷಿಕೆ ಇಟ್ಟುಕೊಳ್ಳುತ್ತೇನೆ ಎಂದೆ. ಹುಳು ಸಾಕುವವರನ್ನು ಸೇರಿಸಿ ತೋರಿಸಿ ಕಲಿಸುವುದಕ್ಕೆ ಪ್ರಾತ್ಯಕ್ಷಿಕೆ ಎನ್ನುತ್ತೇವೆ. ಅದು ನನ್ನ ಹುದ್ದೆಯ ಕೆಲಸ, ಬೇಡ ಎನ್ನಲು ಅವರಿಗೆ ದಾರಿ ಇರಲಿಲ್ಲ.

ಹಾಲಿನ ಡೇರಿಯ ಅಂಗಳದಲ್ಲಿ ಸೇರಿಸಿದೆ. ಮೇಲಿನ ಬೀದಿಯವರು ಜಮಖಾನದ ಮೇಲೆ. ರತ್ನಮ್ಮನನ್ನು ನಾನೇ ಕರೆದಿದ್ದೆ, ಆದರೆ ಅವಳು ಗೇಟಿನ ಹತ್ತಿರವೇ ನಿಂತಳು. ಎರಡು ಸಲ ಕರೆದೆ, ಬರಲಿಲ್ಲ. ಅವಳಿಗೆ ಆ ಜಮಖಾನದ ಮೇಲೆ ಅನುಮಾನ.

ತಿಪ್ಪೆಯಿಂದ ತುಂಬಿಕೊಂಡು ಬಂದಿದ್ದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದು ಬಿಳಿ ಗೂಡುಗಳನ್ನು ಪೇಪರಿನ ಮೇಲೆ ಸುರಿದೆ. ನಾತಕ್ಕೆ ಮುಂದಿನ ಸಾಲಿನವರು ಹಿಂದೆ ಸರಿದರು. ರೋಗ ಹೇಗೆ ಹರಡುತ್ತದೆ, ತಿಪ್ಪೆಯಿಂದ ತೋಟಕ್ಕೆ ಹೇಗೆ ಬರುತ್ತದೆ ಎಂದು ಪಾಠದ ಹಾಗೆ ಹೇಳಿದೆ. ಕಡೆಗೆ, ಇದು ಯಾರ ಬೆಳೆ ಎಂದು ಕೇಳಿದೆ.

‘ಯಾರೋ ಬೇರೆ ಊರಿನೋರು ತಂದು ಸುರಿದಿರ್ಬೇಕು’ ಎಂದರು ಕೃಷ್ಣಾರೆಡ್ಡಿ.

ಆಮೇಲೆ ನಡೆದದ್ದು ನಾನು ಎಣಿಸಿದ್ದಕ್ಕಿಂತ ಸೊಗಸಾಗಿತ್ತು. ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಹೋದ ತಿಂಗಳು ಗೂಡು ಮಾರಲು ಮಾರ್ಕೆಟ್ಟಿಗೆ ಹೋಗದಿದ್ದವರು ಯಾರು, ಬೆಳಗಿನ ಜಾವ ಮಂಕರಿ ಹಿಡಿದು ಇಳಿದವರು ಯಾರು ಎಂದು ಗುಸುಗುಸು ಎದ್ದಿತು. ಕಾಲೋನಿಯ ಕಡೆಗಿದ್ದ ಅನುಮಾನ ಜಮಖಾನದ ಮೇಲೆಯೇ ಮನೆಯಿಂದ ಮನೆಗೆ ಹರಿದಾಡಿತು. ಅದು ನಿಲ್ಲುವ ಲಕ್ಷಣ ಕಾಣದಿದ್ದಾಗ ಸರೋಜಮ್ಮ ಗಂಡನ ಕಡೆ ನೋಡದೆ ಹೇಳಿದರು:

‘ಬೇರೆ ಊರಿಂದ ಯಾಕ್ರೀ ಬರ್ತಾರೆ? ನಮ್ದೂ ಐತೆ ಅದ್ರಾಗೆ. ಎರಡು ಬೆಳೆ ನಾನೇ ಹೊತ್ತು ಹಾಕಿದ್ದೀನಿ. ಇನ್ನು ನೀವ್ ನೀವು ಹೇಳ್ಕಳ್ರಪ್ಪ.’

ಹೇಳಿಕೊಂಡರು, ಎಲ್ಲರೂ ಅಲ್ಲ. ರತ್ನಮ್ಮನ ಮೇಲಿನ ದೂರು ಅಲ್ಲಿಗೆ ಸತ್ತಿತು. ಇನ್ನು ಮುಂದೆ ಕೆಟ್ಟ ಹುಳು ಹಾಕಲು ಎಲ್ಲರಿಗೂ ಸೇರಿ ಒಂದು ದೊಡ್ಡ ಗುಂಡಿ ತೋಡಿ, ಮುಚ್ಚಳ ಹಾಕಿಸೋಣ, ಕಸವನ್ನೂ ಅಲ್ಲಿಗೇ ಬದಲಾಯಿಸೋಣ, ಜಾಗ ಹೇಳಿ ಎಂದೆ. ಡೇರಿಯ ಹಿಂದೆ ಎಂದು ಯಾರೋ ಅಂದರು. ಪಡುವಣ ಗಾಳಿಗೆ ನಾತ ನೇರ ದೇವಸ್ಥಾನಕ್ಕೆ ಹೋಗುತ್ತದೆ ಎಂದು ಇನ್ನೊಬ್ಬರು. ಕೃಷ್ಣಾರೆಡ್ಡಿಯವರ ಹೊಲದ ಬದಿ? ಅಲ್ಲಿಂದ ಗಾಳಿ ಅವರ ಅಡುಗೆಮನೆಗೇ ನುಗ್ಗುತ್ತದಂತೆ. ಗೋಮಾಳ? ಮೂಡಲ ಗಾಳಿ ಎದ್ದರೆ ಶಾಲೆ ಮಕ್ಕಳಿಗೆ ತೊಂದರೆ. ಯಾವ ತಿಂಗಳಲ್ಲಿ ಯಾವ ಕಡೆಯಿಂದ ಎಷ್ಟು ಜೋರಾಗಿ ಗಾಳಿ ಬೀಸುತ್ತದೆ ಎಂದು ಒಬ್ಬೊಬ್ಬರೂ ಬಾಯಿಪಾಠ ಹೇಳಿದರು. ಹವಾಮಾನದವರೂ ಅಷ್ಟು ಚೆನ್ನಾಗಿ ಹೇಳಲಾರರು.

ಗೇಟಿನಿಂದ ರತ್ನಮ್ಮ ಮಾತಾಡಿದಳು. ದನಿ ಏರಿಸಲಿಲ್ಲ.

‘ಗಾಳಿ ಎತ್ತ ಹೋಗುತ್ತೆ ಅಂತ ನಿಮಗೆಲ್ಲಾ ಗೊತ್ತೈತೆ. ಅದಕ್ಕೇ ಮಾಗೀಲಿ ಮೂಡಲ ಗಾಳಿ ನಿಮ್ ಕಡೆ ಬೀಸುವಾಗ ತಿಪ್ಪೆಗೆ ಬೆಂಕಿ ಹಾಕ್ಸಲ್ಲ. ಆಷಾಢ ಬರೋಗಂಟ ಕಾಯ್ತೀರ.’

ಕೃಷ್ಣಾರೆಡ್ಡಿ ಟವೆಲು ಕೊಡವಿಕೊಂಡು ಎದ್ದರು. ಅಷ್ಟು ವರ್ಷ ಆ ತಾಲೂಕಿನಲ್ಲಿ ತಿರುಗಿದ ನನಗೂ ಅದು ಹೊಳೆದಿರಲಿಲ್ಲ.

ದೊಡ್ಡ ಗುಂಡಿಗೆ ಜಾಗ ಸಿಗಲಿಲ್ಲ. ಬದಲಿಗೆ ಒಬ್ಬೊಬ್ಬರು ತಮ್ಮ ತಮ್ಮ ತೋಟದಲ್ಲಿ ಗುಂಡಿ ಮಾಡಿ ಸುಣ್ಣ ಹಾಕಿ ಮುಚ್ಚತೊಡಗಿದರು, ಅಕ್ಕಪಕ್ಕದವರು ನೋಡುತ್ತಾರೆಂಬ ಭಯಕ್ಕೇ ಹೆಚ್ಚು. ಅನುಮಾನದಿಂದ ಒಂದು ಒಳ್ಳೆಯ ಕೆಲಸ ಆಯಿತು. ನನ್ನ ವರದಿಯಲ್ಲಿ ರೋಗದ ಮೂಲ ಊರಿನ ತಿಪ್ಪೆ, ರತ್ನಮ್ಮನ ಹುಳುಮನೆಯ ಶುಚಿತ್ವ ನಿಯಮದಂತೆ ಇದೆ ಎಂದೇ ಬರೆದೆ. ಸಾಹೇಬರು ಸಹಿ ಹಾಕುವಾಗ ಪೆನ್ನು ಬರೆಯುತ್ತಿಲ್ಲ ಎಂದರು, ನನ್ನದು ಕೊಟ್ಟೆ. ಅವಳಿಗೆ ಚಾಕಿ ಹುಳು ನಿಲ್ಲಲಿಲ್ಲ. ದಸರೆಯ ಹೊತ್ತಿಗೆ ಬಂದ ಬೆಳೆಯಲ್ಲಿ ಗೂಡು ಗಟ್ಟಿಯಾಗಿ, ಬಂಗಾರದ ಬಣ್ಣ ಬಂದಿತ್ತು. ನೋಡಲು ಹೋದೆ. ಚೆನ್ನಾಗಿದೆ ಎಂದು ನಾನೆಂದರೆ ಅವಳು ‘ಏನೋ ಇದೆ ಮೇಡಂ’ ಎಂದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಆ ಒಂದೇ ಸಲ.

ತಿಪ್ಪೆ ಮಾತ್ರ ಅಲ್ಲೇ ಇತ್ತು. ಬೆಂಕಿ ಒಂದೆರಡು ತಿಂಗಳು ನಿಂತು, ಪಡುವಣ ಗಾಳಿ ಮುಗಿಯುವ ಮುಂಚೆಯೇ ಮತ್ತೆ ಶುರುವಾಗಿತ್ತು. ಹೊರಡುವಾಗ ರತ್ನಮ್ಮ ಬೀದಿಯ ಕೊನೆಯವರೆಗೂ ಬಂದು ಕೇಳಿದಳು:

‘ಹುಳ ಉಳೀತು ಮೇಡಂ. ನನ್ ಮಗು ಬಗ್ಗೆ ರಿಪೋರ್ಟು ಬರಿಯೋ ಇಲಾಖೆ ಯಾವ್ದು?’

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಹುಳುಮನೆ ಕಟ್ಟುವವರಿಗೆ ನಾನು ಸೇವೆಯುದ್ದಕ್ಕೂ ಹೇಳಿಕೊಟ್ಟ ನಿಯಮ ಇದೆ. ಎತ್ತರದ ಜಾಗ ಆರಿಸಿ, ತಿಪ್ಪೆ ಹತ್ತಿರ ಬೇಡ, ಹೊಗೆ ತಾಗಬಾರದು, ಕೊಳಚೆ ನೀರು ಹರಿದು ಬರಬಾರದು. ತಿಂಗಳೊಪ್ಪತ್ತೂ ಬದುಕದ ಹುಳುವಿಗೆ ಇಷ್ಟನ್ನೂ ನೋಡಿ, ಸಹಿ ಹಾಕಿ, ಜಾಗ ಒಪ್ಪುತ್ತಿದ್ದೆ. ಅದೇ ಊರಿನಲ್ಲಿ ಮನುಷ್ಯರಿಗೆ ಜಾಗ ಕೊಡುವಾಗ ಈ ನಾಲ್ಕನ್ನೂ ತಿರುಗಿಸಿ ಇಟ್ಟಿದ್ದರು, ಬೇಕೆಂದೇ. ಅಂದಿನಿಂದ ನಿವೃತ್ತಿಯವರೆಗೆ, ಯಾವ ಊರಿಗೆ ಹೋದರೂ ಹುಳು ನೋಡುವ ಮೊದಲು ತಿಪ್ಪೆ ಎಲ್ಲಿದೆ, ಅದರ ಗಾಳಿ ಯಾರ ಮನೆಗೆ ಹೋಗುತ್ತದೆ ಎಂದು ಕೇಳುತ್ತಿದ್ದೆ. ಉತ್ತರ ಕೊಡಲು ಜನ ತಡವರಿಸಿದ ಊರಿನಲ್ಲಿ, ದೂರು ಯಾರ ಮೇಲಿದ್ದರೂ, ನಾನು ಮೊದಲು ಇಳಿದು ಹೋಗುತ್ತಿದ್ದದ್ದು ತಗ್ಗಿನ ಬೀದಿಗೆ.